ಟಗರಿನ ಮೂಗಿನ ಮುಂದೆ

ಬಿಳಿ ಪ್ಯಾಂಟು ಹಾಕಿಕೊಂಡು ಕುರಿಹಿಂಡಿನ ನಡುವೆ ಬಂದು ನಿಂತವನನ್ನು ಬೀರವ್ವ ಮೊದಲು ಗುರುತಿಸಲಿಲ್ಲ. ಗುರುತು ಸಿಕ್ಕ ಮೇಲೆ, ಸಿಗದಿದ್ದರೇ ಚೆನ್ನಾಗಿತ್ತು ಎನ್ನಿಸಿತು.

ಅವನು ಅಮೋಗಸಿದ್ಧ. ಭಂಡಾರಕವಠೆಯವನು, ಅವಳ ಸೋದರತ್ತೆ ಸುಗಲಾಬಾಯಿಯ ಮಗ. ಇಬ್ಬರೂ ತೊಟ್ಟಿಲಲ್ಲಿದ್ದಾಗಲೇ ಹಿರಿಯರು ಮಾತಾಡಿಕೊಂಡಿದ್ದರು, ಹುಡುಗನ ಓದು ಮುಗಿದ ಮೇಲೆ ಲಗ್ನ ಎಂದು. ಅವನು ಸೊಲ್ಲಾಪುರದ ಕಾಲೇಜು ಸೇರಿ ಎರಡು ವರ್ಷವಾಗಿತ್ತು. ಅವಳು ಕಂದಲಗಾಂವದಲ್ಲಿ ಅಪ್ಪ ಕಾಮಣ್ಣನ ಕುರಿ ಕಾಯುತ್ತಿದ್ದಳು. ಐವತ್ತೈದನೆಯ ಇಸವಿಯ ಮಾತು ಇದು.

"ಬೂಟಿಗೆ ಹಿಕ್ಕಿ ಹತ್ತೀತು, ಸಾಹೇಬ್ರ," ಎಂದಳು.

"ಹತ್ತಲಿ ಬಿಡು ಬೀರಿ. ನಿನ್ನ ನೋಡಾಕ ಬಂದೀನಿ."

"ನೋಡಿದ್ಯಲ್ಲ. ಇನ್ನ ಹೋಗು."

ಅವನು ಹೋಗಲಿಲ್ಲ. ಹೆಗಲ ಚೀಲದಿಂದ ಬೇಲದ ಹಣ್ಣಿನ ಗಾತ್ರದ ಚೆಂಡೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಬೀರವ್ವ ಅದನ್ನು ಮೂಸಿ ನೋಡಿದಳು.

"ಕುರಿ ಚರ್ಮ ಅಲ್ಲ ಇದು."

"ಇದಕ್ಕ ಸಾಫ್ಟ್‌ಬಾಲ್ ಅಂತಾರ. ಅಂದ್ರ ಮೆತ್ತನ ಚೆಂಡು."

ಅವಳು ಹೆಬ್ಬೆರಳಿನಿಂದ ಒತ್ತಿದಳು. "ಕಲ್ಲಂಗ ಐತಿ."

"ಹೆಸರಿಗಷ್ಟ ಮೆತ್ತಗ."

"ಹೂಂ. ನೀ ಹೆಸರಿಗಷ್ಟ ಗಂಡಸ ಇದ್ದಂಗ."

ಅವನು ನಕ್ಕ. ನಕ್ಕಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಕಿರಿದಾಗುತ್ತಿತ್ತು. ಚಿಕ್ಕಂದಿನಿಂದ ಹಾಗೇ. ಬೀರವ್ವ ಅದನ್ನು ನೋಡಲಿಲ್ಲ ಎಂಬಂತೆ ಚೆಂಡಿನ ಹೊಲಿಗೆ ಎಣಿಸತೊಡಗಿದಳು. ಎಷ್ಟು ಎಣಿಸಿದಳು ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

"ಒಬ್ಬಾವ ಬಡಿಗಿ ಹಿಡಕೊಂಡು ನಿಂತಿರತಾನ," ಅವನು ಆಟ ತಿಳಿಸಿದ. "ನಾ ಒಗೀತೀನಿ. ಅವಂಗ ಹೊಡ್ಯಾಕ ಆಗಬಾರದು. ಒಗ್ಯಾಂವಗ ಪಿಚರ್ ಅಂತಾರ."

"ಆಮ್ಯಾಲ?"

"ಆಮ್ಯಾಲ ಇನ್ನೊಬ್ಬ ಬರತಾನ."

"ಕ್ವಾಣನಂಗ ಬೆಳದೀರಿ. ನಿಮ್ಮ ಮನ್ಯಾಗ ಕೆಲಸಾ ಇಲ್ಲೇನು?"

ಅವನು ಎರಡು ಹೆಜ್ಜೆ ಹಿಂದೆ ಸರಿದು, ತೋಳನ್ನು ಕೆಳಗಿನಿಂದ ಬೀಸಿ, ಅಂಗೈ ತೊಡೆ ಸವರುವಂತೆ ತಂದು ಚೆಂಡು ಬಿಟ್ಟ. ಅದು ಬೇವಿನ ಬೊಡ್ಡೆಗೆ ನೇರ ಹೋಗಿ ಬಡಿಯಿತು. ಬೀರವ್ವ ಆ ತೋಳಿನ ಬೀಸನ್ನು ಕೂಡಲೇ ಗುರುತಿಸಿದಳು. ಆ ಎಸೆತ ಅವಳದು.

ಕುರಿ ಕಾಯುವವರು ಕೈ ಮೇಲೆತ್ತಿ ಕಲ್ಲು ಎಸೆಯುವುದಿಲ್ಲ. ಎತ್ತಿದ ಕೈ ಕಂಡರೆ ಕುರಿ ಬೆದರಿ ಚೆದುರುತ್ತವೆ. ಕೆಳಗಿನಿಂದಲೇ ಬೀಸಬೇಕು, ಕಲ್ಲು ಮುಂದಾಳು ಟಗರಿನ ಮೂಗಿನ ಮುಂದೆ ಒಂದು ಗೇಣು ದೂರದಲ್ಲಿ ಬೀಳಬೇಕು, ಹಿಂಡು ಹೊರಳಬೇಕು. ಕುರಿಗೆ ತಾಕಕೂಡದು. ಕಾಮಣ್ಣನ ಮನೆಯಲ್ಲಿ ಒಂದು ಕಟ್ಟುಪಾಡು ಇತ್ತು. ಯಾರ ಕಲ್ಲು ಕುರಿಗೆ ತಾಕಿತೋ ಅವರು ಆಗಲೇ ಕೋಲು ಕೆಳಗಿಟ್ಟು, ಹೊತ್ತು ಮುಳುಗುವ ತನಕ ಬಾಯಿ ಬಿಡದೆ ಹಿಂಡಿನ ಹಿಂದೆ ಧೂಳು ತಿನ್ನುತ್ತ ನಡೆಯಬೇಕು. ರಜೆಗೆ ಬರುತ್ತಿದ್ದ ಅಮೋಗಸಿದ್ಧ ಹಾಗೆ ಎಷ್ಟೋ ದಿನ ನಡೆದಿದ್ದ. ಕೊನೆಗೆ ಹತ್ತು ವರ್ಷದ ಬೀರವ್ವ ಅವನ ಮಣಿಕಟ್ಟು ಹಿಡಿದು, ಕಲ್ಲು ಎಲ್ಲಿ ಬಿಡಬೇಕು ಎಂದು ಕಲಿಸಿಕೊಟ್ಟಿದ್ದಳು.

ಆಮೇಲಿನ ಒಂದು ವರ್ಷದಲ್ಲಿ ಅವನ ಹೆಸರು ದೊಡ್ಡದಾಯಿತು. ಮದ್ರಾಸಿನಲ್ಲಿ ಈ ಆಟ ಕಲಿತು ಬಂದಿದ್ದ ಕಾಲೇಜಿನ ಡ್ರಿಲ್ ಮಾಸ್ತರ ಅಣ್ಣಾರಾಯನಿಗೆ ಕೆಳಗೈಯಲ್ಲಿ ನೇರ ಎಸೆಯುವ ಹುಡುಗ ಬೇರೆ ಸಿಕ್ಕಿರಲಿಲ್ಲ. ಪುಣೆಯಲ್ಲಿ ಗೆದ್ದರು. ಹಾರ ಹಾಕಿದರು. ಎಂದೂ ಒಂದು ಕುರಿ ಹಿಡಿದು ನಿಲ್ಲಿಸಲಾರದ ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರಂತೆ. ಒಂದು ಮರಾಠಿ ಪೇಪರಿನಲ್ಲಿ ಅವನ ಫೋಟೋ ಬಂತು. ಕಂದಲಗಾಂವದ ಸಾಲಿ ಮಾಸ್ತರ ಬಸಯ್ಯ ಅದನ್ನು ತಂದು ಓದಿ, ಕನ್ನಡದಲ್ಲಿ ಹೇಳಿದ.

"ಇಷ್ಟ ಚಂದ ಒಗ್ಯಾದು ಎಲ್ಲಿ ಕಲ್ತ್ರಿ ಅಂತ ಕೇಳ್ಯಾರ. ಅಣ್ಣಾರಾಯ ಸರ್ ಕೊಟ್ಟ ಇಂಗ್ಲಿಷ್ ಪುಸ್ತಕ ಓದಿ ಕಲ್ತೆ ಅಂದಾನ. ತಂದಿ ದೊಡ್ಡ ಜಮೀನ್ದಾರ ಅಂತನೂ ಬರದಾರ ನೋಡವಾ."

"ಕುರಿ ಸುದ್ದಿ?"

"ಇಲ್ಲ."

"ಇನ್ನೊಮ್ಮಿ ನೋಡ್ರಿ, ಮಾಸ್ತರ."

ಬಸಯ್ಯ ಇನ್ನೊಮ್ಮೆ ನೋಡಿದ. ಇರಲಿಲ್ಲ.

ಬೀರವ್ವ ಆ ಪೇಪರ್ ಇಸಿದುಕೊಂಡು, ಆಗಷ್ಟೇ ಹುಟ್ಟಿದ ಕುರಿಮರಿಯ ಮೈಯನ್ನು ಅದರಿಂದಲೇ ಒರೆಸಿದಳು. ಫೋಟೋದ ಭಾಗ ಮಾತ್ರ ಹೇಗೋ ಒದ್ದೆಯಾಗದೆ ಉಳಿಯಿತು. ಅದನ್ನು ಹರಿದು ಒಗೆಯಲಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಕಂಬಳಿಯ ಮಡಿಕೆಯಲ್ಲಿ ಅದು ತಾನಾಗಿಯೇ ಇತ್ತು.

ಸುಗಲಾಬಾಯಿ ಸಕ್ಕರೆ ತಿನ್ನಿಸಿ ಲಗ್ನ ಗಟ್ಟಿ ಮಾಡಲು ದಿನ ಕೇಳಿ ಕಳಿಸಿದಾಗ ಬೀರವ್ವ ಅಪ್ಪನಿಗೆ ಒಂದೇ ಮಾತು ಹೇಳಿದಳು. "ಪುಸ್ತಕದಾಗ ಒಂದು ಹುಡಿಗೀನೂ ಹುಡಿಕ್ಕೋ ಅಂತ ಅವಂಗ ಹೇಳು."

ಕಾಮಣ್ಣ ಕೂಗಾಡುವ ಮನುಷ್ಯನಲ್ಲ. "ಸಂಕ್ರಾಂತಿ ತನಕ ನೋಡು ಮಗಳ. ಆಮ್ಯಾಲ ಸಲಗರ ಊರಿನವರ ಹುಡಿಗೀನ ಸೊಸಿ ಅಂತ ತರತಾಳ ನಿಮ್ಮತ್ತಿ. ನಾ ಬ್ಯಾಡ ಅನ್ನಾಕ ಬರೂದಿಲ್ಲ."

"ತರಲಿ. ಆ ಹುಡುಗಿ ನಸೀಬ."

ಹೇಳಿದಳೇನೋ ನಿಜ. ಅಂದು ಕುಡಿಯಲಿಟ್ಟ ಅಂಬಲಿ ಮಾತ್ರ ಹಾಗೇ ಉಳಿಯಿತು.

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಅವರ ಹಿಂಡು ಅಕ್ಕಲಕೋಟೆಯಲ್ಲಿತ್ತು. ಅಲ್ಲಿಯ ಚನ್ನವೀರಪ್ಪ ಶೇಂಗಾ ಕಿತ್ತ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಂಡಿದ್ದ. ಹೊಲಕ್ಕೆ ಅಂಟಿಕೊಂಡೇ ಮೈದಾನ. ಅಂದು ಅಲ್ಲಿ ಖುರ್ಚಿ ಹಾಕಿದ್ದರು, ಬಣ್ಣದ ಕಾಗದ ಕಟ್ಟಿದ್ದರು. ಆಟ ನೋಡದ ಊರಿಗೆ ಆಟ ತೋರಿಸಲು ಸೊಲ್ಲಾಪುರದ ಕಾಲೇಜಿನವರು ಬಂದಿದ್ದರು.

ಬೀರವ್ವ ಬದುವಿನ ಮೇಲೆ ಕೋಲಿಗೆ ಗದ್ದ ಊರಿ ನಿಂತು ನೋಡಿದಳು. ಖುರ್ಚಿಯ ಮೇಲೆ ಕೋಟಿನವರು ಯಾವಾಗ ಚಪ್ಪಾಳೆ ಹೊಡೆಯಬೇಕೆಂದು ಪಕ್ಕದವರ ಕೈ ನೋಡುತ್ತಿದ್ದರು. ನಡುವೆ ಅಮೋಗಸಿದ್ಧ, ಟೋಪಿ ಇಟ್ಟುಕೊಂಡು, ಒಂದು ಕೈಗೆ ಚರ್ಮದ ಗವಸು ತೊಟ್ಟುಕೊಂಡು.

ಇದಕ್ಕಾ ಇಷ್ಟು ಹಾರ, ಎಂದುಕೊಂಡಳು.

ಅಷ್ಟರಲ್ಲಿ ಬಡಿಗೆಯವನೊಬ್ಬ ಅವನ ಎಸೆತವನ್ನು ಎತ್ತಿ ಬಾರಿಸಿದ. ಚೆಂಡು ಬದು ದಾಟಿ ಬಂದು ಹಿಂಡಿನ ನಡುವೆ ಬಿತ್ತು. ಕುರಿಗಳು ಬೆದರಿದವು. ಮುಂದಾಳು ಟಗರು ಗಂಟೆ ಬಾರಿಸುತ್ತ ಮೈದಾನಕ್ಕೆ ನುಗ್ಗಿತು, ಹಿಂದೆ ನೂರಿಪ್ಪತ್ತು ಕುರಿ, ಅವುಗಳ ಹಿಂದೆ ಬೀರವ್ವ.

ಖುರ್ಚಿಯವರು ಎದ್ದು ನಿಂತರು. ಜನ ಹೋ ಎಂದು ನಕ್ಕರು. ಡ್ರಿಲ್ ಮಾಸ್ತರ ಅಣ್ಣಾರಾಯ ಓಡಿ ಬಂದು, "ಏ ಧನಗರಣೀ! ಮೇಂಢ್ರಂ ಕಾಢ!" ಎಂದು ಮರಾಠಿಯಲ್ಲಿ ಕಿರುಚಿದ, ಕುರಿ ಕಾಯುವವಳೇ, ಕುರಿ ಹೊರಗೆ ಹಾಕು ಎಂದು. ಆಮೇಲೆ ಅಮೋಗಸಿದ್ಧನ ಕಡೆ ತಿರುಗಿ ಕೇಳಿದ, "ಯಾರು ಈಕಿ? ನಿನ್ನ ಹೆಸರ ಹಿಡದು ಒದರಿದಂಗಾತು, ಗುರುತದಾಳೇನು?"

ಬೀರವ್ವ ಯಾರ ಹೆಸರನ್ನೂ ಕರೆದಿರಲಿಲ್ಲ. ಕರೆದಿದ್ದಳೇನೋ, ಓಡುವಾಗ. ಅವಳು ಅಲ್ಲೇ ನಿಂತು ಅಮೋಗಸಿದ್ಧನ ಮುಖ ನೋಡಿದಳು. ಇಲ್ಲ ಅನ್ನು, ಎಂದಿತು ಅವಳ ನೋಟ. ನೀನು ಅಷ್ಟೇ ಎಂದು ನನಗೆ ಗೊತ್ತು.

ಅಂಪೈರ್ ಕೊಟ್ಟಿದ್ದ ಇನ್ನೊಂದು ಚೆಂಡು ಅಮೋಗಸಿದ್ಧನ ಕೈಯಲ್ಲಿತ್ತು. ಟಗರು ಖುರ್ಚಿಗಳ ಕಡೆ ಓಡುತ್ತಿತ್ತು. ಅವನು ಟೋಪಿ ತೆಗೆದ. "ತುರ್ರ್ರ್... ಹೋ ಹೋ!" ಎಂದು ಕಾಮಣ್ಣನ ಗಂಟಲಿನಲ್ಲೇ ಕೂಗಿ, ತೋಳು ಕೆಳಗಿನಿಂದ ಬೀಸಿ ಚೆಂಡು ಬಿಟ್ಟ.

ಟಗರು ಗಕ್ಕನೆ ನಿಂತು ಹೊರಳಿತು. ಹಿಂಡು ಹೊರಳಿತು. ಜನ ಚಪ್ಪಾಳೆ ತಟ್ಟಿದರು, ಈ ಸಲ ಪಕ್ಕದವರ ಕೈ ನೋಡದೆ.

ಬೀರವ್ವನ ಕಣ್ಣು ಮಾತ್ರ ಟಗರಿನ ಮೇಲಿತ್ತು. ಚೆಂಡು ಅದರ ಕೋಡಿಗೆ ಟಕ್ ಎಂದಿತ್ತು.

"ತಾಕ್ತು," ಎಂದಳು. ಅಷ್ಟೇ.

"ಈ ಕೂಗ ಯಾರು ಕಲಿಸಿದ್ರೋ ನಿನಗ?" ಅಣ್ಣಾರಾಯ ಬಾಯಿ ತೆರೆದುಕೊಂಡು ಕೇಳಿದ.

ಅಮೋಗಸಿದ್ಧ ಕೈ ಎತ್ತಿ, ಬೆರಳು ಚಾಚಿ, ಎಲ್ಲರ ಎದುರಿಗೆ ಬೀರವ್ವನನ್ನು ತೋರಿಸಿದ. ಗವಸು ಬಿಚ್ಚಿ ನೆಲಕ್ಕಿಟ್ಟ. ಆಟ ಅರ್ಧಕ್ಕೆ ಬಿಟ್ಟು ಹಿಂಡಿನ ಹಿಂದೆ ನಡೆದ.

"ಈಗ ಹೋದ್ರ ಹೋದಿ, ಮತ್ತ ಟೀಮಿನಾಗ ತಗೊಳ್ಳೂದಿಲ್ಲ!" ಅಣ್ಣಾರಾಯ ಹಿಂದಿನಿಂದ ಕೂಗಿದ. ಅವನು ತಿರುಗಲಿಲ್ಲ. ಆ ಕಾಲೇಜಿನ ಪಿಚರನ ಆಟ ಅಲ್ಲಿಗೆ ಮುಗಿಯಿತು.

ಆ ಮಧ್ಯಾಹ್ನ ಬೀರವ್ವನಿಗೆ ಹಬ್ಬ. ಬಾಯಿ ಕಟ್ಟಿಕೊಂಡವನು ಹಿಂದೆ, ಬಾಯಿ ಇದ್ದವಳು ಮುಂದೆ.

"ಪುಸ್ತಕ ಎಲ್ಲೈತಿ? ತಂದಿಲ್ಲೇನು? ಯಾವ ಹಾಳ್ಯಾಗ ಬರದಾರ, ಟಗರಿನ ಕೋಡಿಗೆ ಹೊಡೀಬೇಕಂತ?" ಎಂದಳು. ಸ್ವಲ್ಪ ದೂರ ನಡೆದು, "ಜಮೀನ್ದಾರನ ಮಗ! ನಿಮ್ಮಪ್ಪನ ಎರಡೆಕರೆ ಕಲ್ಲು ಪೇಪರಿನವರು ನೋಡ್ಯಾರೇನು?" ಎಂದಳು. ಇನ್ನೂ ಸ್ವಲ್ಪ ದೂರ ನಡೆದ ಮೇಲೆ, ತಿರುಗದೆಯೇ, ದನಿ ಇಳಿಸಿ, "ನಾ ಹೇಳಿಕೊಟ್ಟದ್ದು ಅಷ್ಟ ನಾಚಿಕಿ ಆಗಿತ್ತೇನು ನಿನಗ?" ಎಂದಳು.

ಹಿಂದೆ ಬೂಟಿನ ಸದ್ದು ನಿಂತಿತು. ತಿರುಗಿ ನೋಡಿದಳು. ಅವನ ಬಿಳಿ ಪ್ಯಾಂಟು ಮೊಣಕಾಲ ತನಕ ಕೆಂಪಾಗಿತ್ತು, ರೆಪ್ಪೆಯ ಮೇಲೂ ಧೂಳು. ಆ ಧೂಳಿನಲ್ಲಿ ಒಂದು ಗೆರೆ ಒದ್ದೆಯಾಗಿ ಕೆಳಗಿಳಿದಿತ್ತು. ಅವನು ಹೌದೆಂದು ತಲೆ ಆಡಿಸಿದ. ಬೀರವ್ವ ಮುಂದಕ್ಕೆ ತಿರುಗಿ ನಡೆದಳು, ಈ ಸಲ ನಿಧಾನಕ್ಕೆ.

ಹೊತ್ತು ಮುಳುಗಿತು. ಕುರಿಗಳು ಒಂದಕ್ಕೊಂದು ಆತು ಮಲಗಿದವು. ಬೀರವ್ವ ಟಗರಿನ ಕೋಡು ಸವರಿ ನೋಡಿದಳು, ಏನೂ ಆಗಿರಲಿಲ್ಲ.

"ಹೊತ್ತು ಮುಳಿಗೇತಿ. ಇನ್ನ ಬಾಯಿ ಬಿಡು."

ಅವನು ತುಟಿಯ ಮೇಲಿನ ಧೂಳು ಒರೆಸಿಕೊಂಡ. ಆಮೇಲೆ ಎಡಗಣ್ಣು ಮೊದಲು ಕಿರಿದಾಯಿತು. "ಕೈ ತಪ್ಪಿ ತಾಕಿದ್ದಲ್ಲ, ಬೀರಿ. ಬೇಕಂತನ ಹೊಡದೆ. ನಿನ್ನ ಹಿಂದ ಬರಾಕ ಬ್ಯಾರೆ ದಾರಿ ಹೊಳೀಲಿಲ್ಲ."

ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು, ಸಂತೆಯಲ್ಲಿ ಬಡಕಲು ಕುರಿ ನೋಡುವವರ ಹಾಗೆ.

"ಇದೊಂದು ಶಾಣ್ಯಾತನ. ಮೂಕ ಪ್ರಾಣೀನ ಬೇಕಂತ ಹೊಡದಾವಗ ಒಂದ ದಿನಾ ಸಾಲೂದಿಲ್ಲ."

"ಮತ್ತ ಎಷ್ಟು ದಿನಾ ನಡೀಬೇಕು?"

"ನಾ ಸಾಕು ಅನ್ನೂತನಕ," ಎಂದು ಕಂಬಳಿಯ ಒಂದು ತುದಿಯನ್ನು ಅವನ ಕಡೆ ಒಗೆದಳು. ಮಡಿಕೆಯಿಂದ ಪೇಪರಿನ ತುಂಡೊಂದು ಜಾರಿ ಬಿತ್ತು. ಅವನು ನೋಡುವುದರೊಳಗೆ ಅದರ ಮೇಲೆ ಕಾಲಿಟ್ಟು ನಿಂತಳು. "ನಿಮ್ಮವ್ವಗ ಸಕ್ಕರಿ ತರಾಕ ಹೇಳು. ಆ ಬೂಟ ಮಾತ್ರ ಮನ್ಯಾಗ ಬಿಟ್ಟು ಬಾ."

ಸಂಕ್ರಾಂತಿಯಂದು ಸಕ್ಕರೆ ತಿಂದರು. ಅಮೋಗಸಿದ್ಧ ಪರೀಕ್ಷೆ ಬರೆದು ಪಾಸಾದ, ಹಿಂಡಿಗೆ ಬಂದ. ಮಳೆ, ಬಿಸಿಲು, ಐದು ಮಕ್ಕಳು, ನೂರಾರು ಮರಿ. ಬೀರವ್ವ ದಿನಾ ಅವನಿಗೆ ಬೇಕಾದಷ್ಟು ಮಾತು ಆಡಿದಳು. ಸಾಕು ಎಂಬ ಒಂದು ಮಾತನ್ನು ಮಾತ್ರ ಅವಳು ಎಂದೂ ಆಡಲಿಲ್ಲ.