ಮುರಿಗೆವ್ವನ ಮುಖದ ಪಾಕೀಟು

ಬಬಲೇಶ್ವರದ ರೇಣವ್ವ ಮೊಮ್ಮಗಳು ನೀಲಾಳನ್ನು ಜೀಪಿನಲ್ಲಿ ವಿಜಯಪುರದ ಆಸ್ಪತ್ರೆಗೆ ತಂದಾಗ ಹುಡುಗಿಯ ತುಟಿ ಕಪ್ಪಿಟ್ಟಿತ್ತು. ಮೊದಲೇ ಉಬ್ಬಸದ ಮಗು. ರೇಣವ್ವನ ಮುಷ್ಟಿಯಲ್ಲಿ ಅರ್ಧ ಖಾಲಿಯಾದ ಪಾಕೀಟು. ಅದರ ಮೇಲೆ ಮುದುಕಿಯೊಬ್ಬಳ ನಗುಮುಖ. ಕೆಳಗೆ ‘ಮುರಿಗೆವ್ವ ಒಣದ್ರಾಕ್ಷಿ, ತಿಕೋಟಾ’.

"ಇದನ್ನ ತಿಂದಿದ್ಳರಿ. ಬ್ಯಾರೆ ಏನೂ ಇಲ್ಲ."

ಆಸ್ಪತ್ರೆಯವರು ಕರೆಸಿದ್ದ ಪಿಎಸ್‌ಐ ವಿಶಾಖಾ ಪಾಕೀಟು ಮೂಸಿದಳು. ಗಂಧಕದ ಘಾಟು. ಹಣ್ಣಿಗೆ ಹೊಂಬಣ್ಣ ಬರಲೆಂದು ಅಳತೆ ಮೀರಿ ಅದರ ಹೊಗೆ ಕೊಟ್ಟಿದ್ದಾರೆ, ಉಬ್ಬಸದವರಿಗೆ ಅದು ಅಪಾಯ. ನಾಳೆ ಬಬಲೇಶ್ವರದ ಸಂತೆ. ಇಂಥವು ಇನ್ನೆಷ್ಟು ಮನೆ ಸೇರುತ್ತವೋ?

*

ತಿಕೋಟಾದಲ್ಲಿ ಮುರಿಗೆವ್ವ ಒಣದ್ರಾಕ್ಷಿ ಮಾಡುವ ವಿದ್ಯಾವತಿಯ ಘಟಕಕ್ಕೆ ಆಹಾರ ಸುರಕ್ಷತಾ ಅಧಿಕಾರಿ ಹಣಮಂತ ಆಗಲೇ ಬೀಗ ಹಾಕಿಸಿದ್ದರು. ಕೆಲಸದ ಹೆಂಗಸರು ಹೊರಗೆ ಸುಮ್ಮನೆ ಕೂತಿದ್ದರು.

"ನಾವು ನೆರಳಾಗ ಒಣಗಸ್ತೀವ್ರಿ ಮೇಡಂ. ಗಂಧಕ ಮುಟ್ಟೂದಿಲ್ಲ," ವಿದ್ಯಾವತಿ ಹೇಳಿದಳು. "ನಾಕ ವರ್ಷದಿಂದ ಇದೇ ಹೆಸರಿನ್ಯಾಗ ಮಾರಾಕತ್ತೇವಿ."

ಅವಳ ಅತ್ತೆ ಮುರಿಗೆವ್ವ ವಿಶಾಖಾ ತಂದ ಪಾಕೀಟನ್ನು ಕಣ್ಣಿನ ಹತ್ತಿರ ಹಿಡಿದಳು. ಅದರ ಮೇಲಿನ ಮುಖ ಅವಳದೇ.

"ಇದು ನಾನಲ್ಲ ಯವ್ವಾ. ನಾ ಬಲಮೂಗಿಗೆ ಮೂಗುತಿ ಹಾಕ್ತೀನಿ. ಇಕಿಗೆ ಎಡಕ್ಕೈತಿ."

ವಿಶಾಖಾ ಅಸಲಿ ಪಾಕೀಟು ತರಿಸಿ ಜೊತೆಗಿಟ್ಟಳು. ಅಕ್ಷರ, ಬಣ್ಣ ಎಲ್ಲ ಒಂದೇ. ಮೂಗುತಿ ಮಾತ್ರ ಬೇರೆ.

"ಅಚ್ಚು ಹಾಕಿದಾವ್ರು ಯಾರು?"

"ವಿಜಯಪುರದ ಗಾಂಧಿ ಚೌಕದ ಅಶ್ಫಾಕರಿ."

*

ಅಶ್ಫಾಕ ಅಂಜುತ್ತಲೇ ಕಂಪ್ಯೂಟರ್ ತೆರೆದ. "ನನ್ನ ಕಡಿ ಇರೂದು ಈ ಚಿತ್ರ ಒಂದ ಐತ್ರಿ. ಮೂಗುತಿ ಬಲಕ್ಕ."

"ಅದನ್ನ ಎಡಬಲ ತಿರುವಿ ಹಾಕಿರಬೇಕು," ವಿಶಾಖಾ ಹೇಳಿದಳು.

"ತಿರುವಿದ್ರ ಸೆರಗೂ ತಿರುಗತೈತ್ರಿ. ಇಲ್ಲಿ ಎರಡರಾಗೂ ಸೆರಗು ಒಂದ ಕಡಿ ಐತಿ. ಇದು ಬ್ಯಾರೆ ಚಿತ್ರ."

ಹೌದಲ್ಲ. ವಿಶಾಖಾ ವಿದ್ಯಾವತಿಗೆ ಫೋನ್ ಮಾಡಿದಳು.

"ಚಿತ್ರ ಎರಡು ಬರಿಸಿದ್ದೆರಿ. ಮೊದಲನೇದರಾಗ ಮೂಗುತಿ ತಪ್ಪಿತ್ತು. ಅತ್ತಿ ಸಿಟ್ಟಾದ್ರು, ಹೊಸಾದು ಬರಿಸಿದೆ."

"ಮೊದಲನೇದು ಎಲ್ಲೈತಿ?"

"ಅದನ್ನ ಆಗಲೇ ಸಂಗನಬಸವಣ್ಣಗ ಕೊಟ್ಟಿದ್ದೆ, ಟ್ರೇಡ್‌ಮಾರ್ಕ್ ಅರ್ಜಿಗೆ. ಪ್ರತಿ ಒಂದ ಇತ್ರಿ, ಕಾಗದದ ಮ್ಯಾಲಿಂದು. ನಮ್ಮ ಲೈಸೆನ್ಸು, ತೆರಿಗೆ ಎಲ್ಲಾ ಅವ್ರ ನೋಡ್ತಾರ. ನೋಂದಣಿ ಆತೇನು ಅಂದ್ರ ತಡೀರಿ ಅಂತಾರ."

ವಿಶಾಖಾ ಅಲ್ಲೇ ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಹೆಸರು ಹುಡುಕಿದಳು. ಎಡಮೂಗಿನ ಮೂಗುತಿಯ ಮುರಿಗೆವ್ವ ಪರದೆಯ ಮೇಲೆ ನಕ್ಕಳು. ಎರಡು ವರ್ಷದ ಹಿಂದಿನ ಅರ್ಜಿ. ನೋಂದಣಿಯೂ ಆಗಿದೆ. ಮಾಲೀಕ: ಸಂಗನಬಸವ, ಬಬಲೇಶ್ವರ.

ಕಾಗದದ ಪ್ರಕಾರ ವಿದ್ಯಾವತಿಯೇ ನಕಲಿ.

*

ಟ್ರೇಡ್‌ಮಾರ್ಕ್ ಕಾಯ್ದೆಯಡಿ ಗೋದಾಮು ಶೋಧಿಸಲು ಡಿವೈಎಸ್‌ಪಿಯೇ ಬೇಕು. ಅದಕ್ಕೂ ಮೊದಲು ರಿಜಿಸ್ಟ್ರಾರ್ ಅಭಿಪ್ರಾಯ ಬರಬೇಕು. ಅಷ್ಟರಲ್ಲಿ ಸಂತೆ ಮುಗಿದಿರುತ್ತದೆ. ವಿಶಾಖಾ ಹಣಮಂತರನ್ನು ಕರೆದುಕೊಂಡು ಹೊರಟಳು. ಆಹಾರ ಅಧಿಕಾರಿಗೆ ಆ ಕಟ್ಟಳೆಯಿಲ್ಲ.

ಬಬಲೇಶ್ವರದ ಹೊರಗೆ ಸಂಗನಬಸವನ ಗೋದಾಮಿನಲ್ಲಿ ಟೆಂಪೊ ತುಂಬುತ್ತಿದ್ದರು. ಘಾಟಿಗೆ ಕಣ್ಣು ಉರಿಯಿತು. ಸಂಗನಬಸವ ನಗುತ್ತಲೇ ಪ್ರಮಾಣಪತ್ರ ಚಾಚಿದ.

"ಹೆಸರು ನಂದರಿ. ಸರಕಾರ ಕೊಟ್ಟೈತಿ."

"ಈ ಚಿತ್ರ?"

"ನಾನ ಬರಿಸೀನಿ."

"ಹಂಗಾರ ಈ ಮುದುಕಿ ಯಾರು?"

ಅವನು ಪ್ರಮಾಣಪತ್ರ ಮಡಚತೊಡಗಿದ.

"ಎಡಮೂಗುತಿಯ ಚಿತ್ರ ಒಂದ ಇತ್ತು," ವಿಶಾಖಾ ಹೇಳಿದಳು. "ವಿದ್ಯಾವತಿಯವ್ರು ನಿಮ್ಮನ್ನ ನಂಬಿ ಕೊಟ್ಟದ್ದು. ಮೂಗುತಿ ತಪ್ಪಂತ ಅವ್ರು ಹೊಸಾದು ಬರಿಸಿದ್ದು ನಿಮ್ಮ ಕಣ್ಣಿಗೆ ಬೀಳಲಿಲ್ಲ. ಅವ್ರ ಮಾಲು ಓಡಾಕ ಹತ್ತಿದ ಮ್ಯಾಲೆ ನಿಮ್ಮ ಹೆಸರಿಗೆ ಅರ್ಜಿ ಹಾಕಿದ್ರಿ. ಆದ್ರ ಅವ್ರು ನಿಮಗಿಂತ ಎರಡ ವರ್ಷ ಮೊದಲಿಂದ ಮಾರಾಕತ್ತಾರ. ಮೊದಲ ಬಳಸಿದಾವ್ರ ಹಕ್ಕನ್ನ ಈ ಕಾಗದ ಕಸಿಯೂದಿಲ್ಲ. ಮೋಸದ ನೋಂದಣಿ ರದ್ದಾಗತೈತಿ."

"ಅಂಗಡ್ಯಾಗ ಎಲ್ಲಾರೂ ಅದನ್ನ ಕೇಳ್ತಿದ್ರು," ಅವನು ಮೆಲ್ಲಗೆ ಹೇಳಿದ. "ಮುಖ ಒಂದಿದ್ರ ಸಾಕು, ಒಳಗಿಂದು ಯಾರು ನೋಡ್ತಾರ ಅನಿಸ್ತು."

"ಆಸ್ಪತ್ರ್ಯಾಗಿರೂ ಕೂಸು ನೋಡೈತಿ."

ಹಣಮಂತ ಗೋದಾಮಿಗೆ ಮುದ್ರೆ ಒತ್ತಿದರು. ಆದರೆ ಹತ್ತು ಪೆಟ್ಟಿಗೆ ಆಗಲೇ ಊರೊಳಗೆ ಹೋಗಿದ್ದವು.

*

ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ನೀಲಾ ಎದ್ದು ಕೂತಿದ್ದಾಳೆ.

ವಿಶಾಖಾ ಸಂತೆಗೆ ಬಂದಾಗ ಮೈಕು ಕಟ್ಟಿದ ಆಟೊ ಎದುರಾಯಿತು. ಒಳಗೆ ವಿದ್ಯಾವತಿ.

"ಸಂತಿಗೆ ಬಂದಾವ್ರು ಕೇಳ್ರಿ. ಮುರಿಗೆವ್ವ ಒಣದ್ರಾಕ್ಷಿ ಯಾರೂ ತಿನಬ್ಯಾಡ್ರಿ. ಅಸಲಿ ಯಾವುದು, ನಕಲಿ ಯಾವುದು ಅಂತ ನೋಡಕೋತ ನಿಲ್ಲಬ್ಯಾಡ್ರಿ. ನಮ್ಮವೂ ಬ್ಯಾಡ. ಎಲ್ಲಾ ತಂದು ಈ ಆಟೊದಾಗ ಹಾಕ್ರಿ."