ಮೂರನೇ ಗುಂಡಿಯಿಂದ ಮೇಲಕ್ಕೆ

“ಬಾಯಿ ತೆಗಿ ಮಗ, ಇದೊಂದೇ ತುತ್ತು.”

“ಬೇಡ ಅಜ್ಜಿ! ನಾನೇನು ಪಾಪುನಾ?”

ಮಾನ್ಯ ಸರಕ್ಕನೆ ಮುಖ ತಿರುಗಿಸಿದಳು. ಅಜ್ಜಿ ಪುಟ್ಟಗೌರಮ್ಮನ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿನ ಸಮೇತ ಯೂನಿಫಾರ್ಮ್ ಮೇಲೆ ಬಿತ್ತು. ಮಾನ್ಯಳಿಗೆ ಅಳು ಬಂತು.

ಎರಡು ತಿಂಗಳ ಹಿಂದೆ ಅವಳು ಮನೆ ಮುಂದೆ ನಿಂತಿದ್ದ ಟ್ರಾಕ್ಟರ್ ಟ್ರೈಲರ್‌ನಿಂದ ಜಿಗಿದು ಬಲಗೈ ಮುರಿದುಕೊಂಡಿದ್ದಳು. ಪಟ್ಟಿ ಬಿಚ್ಚಿ ಮೂರು ವಾರವಾಗಿತ್ತು. ಮೂಳೆ ಕೂಡಿಕೊಂಡಿದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಮೊಣಕೈ ಅರ್ಧಕ್ಕಿಂತ ಹೆಚ್ಚು ಮಡಿಸಲು ಆಗುತ್ತಿರಲಿಲ್ಲ. ಬಾಯಿಗೆ ಕೈ ಎಟುಕುತ್ತಿರಲಿಲ್ಲ.

ಹಾಗಾಗಿ ಅಜ್ಜಿ ಉಣ್ಣಿಸುತ್ತಿದ್ದಳು. ಅಮ್ಮ ತಲೆ ಬಾಚುತ್ತಿದ್ದಳು. ಅಪ್ಪ ಬ್ಯಾಗು ಹೊರುತ್ತಿದ್ದ. ಸ್ಕೂಲಿನ ಪಿಟಿ ಪೀರಿಯಡ್‌ನಲ್ಲಿ ಎಲ್ಲರೂ “ಪಾಪ, ನೀನು ಕೂತ್ಕೋ” ಎನ್ನುತ್ತಿದ್ದರು. ಮಾನ್ಯ ಹೊಂಗೆ ಮರದ ಕೆಳಗೆ ಕೂತಿರುತ್ತಿದ್ದಳು. ಕೂತು ಕೂತು ಹಸಿವೂ ಆಗುತ್ತಿರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ. ಯಾರೇ ಮಾತಾಡಿಸಿದರೂ ಸಿಟ್ಟು. ಹೋದ ವಾರ ಗೆಳತಿ ಅತಿಯಾ ಬರೆದುಕೊಳ್ಳಲು ಕೊಟ್ಟಿದ್ದ ನೋಟ್‌ಬುಕ್ಕನ್ನೇ ಎಸೆದುಬಿಟ್ಟಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಆ ಶನಿವಾರ ಅಪ್ಪ ಬೈರೇಶ್ ಅವಳನ್ನು ಬಸ್ಸಿನಲ್ಲಿ ಚನ್ನಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದ. ಕೈಕಾಲಿಗೆ ವ್ಯಾಯಾಮ ಹೇಳಿಕೊಡುವ ಮೇಡಂ ಕೇಳಿದರು, “ಹೇಳಿದ ಎಕ್ಸರ್‌ಸೈಜ್ ದಿನಾ ಮಾಡ್ತಿದ್ದೀಯಾ?”

ಮಾನ್ಯ ಅಪ್ಪನ ಮುಖ ನೋಡಿದಳು. ಅಪ್ಪ ಫ್ಯಾನು ನೋಡಿದ.

“ನೋವು ಅಂತ ಅಳ್ತಾಳೆ ಮೇಡಂ. ನಮ್ಮವ್ವ, ಬ್ಯಾಡ ಬುಡು ಅಂತದೆ.”

“ಎಲ್ಲಿ, ಮಡಿಸು ನೋಡೋಣ.”

ಮಾನ್ಯಳ ಬೆರಳು ಅಂಗಿಯ ಮೂರನೇ ಗುಂಡಿಯವರೆಗೆ ಬಂದು ನಿಂತುಬಿಟ್ಟಿತು.

“ಸುಮ್ಮನೆ ಇಟ್ಟು ಇಟ್ಟು ಬಿಗಿದುಕೊಂಡಿದೆ,” ಎಂದರು ಮೇಡಂ. “ಬೇರೆಯವರು ಎಳೀಬಾರದು, ಎಣ್ಣೆ ಹಾಕಿ ಉಜ್ಜಬಾರದು. ಭಾರ ಎತ್ತಬೇಡ. ಆದ್ರೆ ಸಣ್ಣಪುಟ್ಟ ಕೆಲಸ ಎಲ್ಲ ಈ ಕೈಲೇ ಮಾಡು. ಬೀಳದ ಹಾಗೆ ಆಟಾನೂ ಆಡು. ನಿನ್ನ ಕೈನ ನೀನೇ ಮಡಿಸಬೇಕು, ಪುಟ್ಟಿ.”

ತಮ್ಮೂರು ಹೊಂಗನೂರಿಗೆ ವಾಪಸ್ ಬರುವಾಗ ಮಾನ್ಯ ತನ್ನ ಗುಂಡಿಗಳನ್ನು ಎಣಿಸಿದಳು. ಎರಡನೇದು, ಒಂದನೇದು, ಗದ್ದ, ಬಾಯಿ. ನಾಲ್ಕೇ ಸ್ಟಾಪು!

ಮಾರನೇ ಬೆಳಗ್ಗೆ ಪೊರಕೆ ಹಿಡಿದಳು. ನಾಲ್ಕು ಸಲ ಗುಡಿಸುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಅಜ್ಜಿ ಓಡಿಬಂದಳು.

“ಬುಡು ಮಗ, ನಾನ್ ಗುಡಿಸ್ತೀನಿ.”

“ಕೊಡಲ್ಲ.”

“ಅಳ್ತಾ ಇದ್ದೀಯಲ್ಲೇ!”

“ಅಳ್ತಾನೇ ಗುಡಿಸ್ತೀನಿ.”

ಸಂಜೆ ಅಜ್ಜಿ ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದಳು. “ಬಾ ಇಲ್ಲಿ. ಒಸಿ ಎಳ್ದುಬುಟ್ರೆ ಸರಿಹೋಯ್ತದೆ.”

ಮಾನ್ಯ ಹಿಂದಕ್ಕೆ ಸರಿದಳು. “ಯಾರೂ ಎಳೀಬಾರ್ದಂತೆ ಅಜ್ಜಿ. ನಾನೇ ಮಡಿಸ್ಬೇಕಂತೆ.”

“ನೀನ್ ನೋವು ತಿನ್ನಾದ ನೋಡ್ಕಂಡು ಕೂತಿರಾಕೆ ನನ್ ಕೈಲಿ ಆಯ್ತದಾ?” ಎಂದಳು ಅಜ್ಜಿ.

“ಹಂಗಾದ್ರೆ ನೋಡ್ಬೇಡ. ಆ ಕಡೆ ತಿರುಗ್ಕೊ,” ಎಂದಳು ಮಾನ್ಯ.

ಅಜ್ಜಿ ಎಣ್ಣೆ ಬಟ್ಟಲು ಕೆಳಗಿಟ್ಟು, ನಿಜವಾಗಿಯೂ ಆ ಕಡೆ ತಿರುಗಿ ಕೂತಳು.

ಮಾನ್ಯ ಬಟ್ಟೆ ಮಡಿಸಿದಳು. ಅವರೆಕಾಯಿ ಸುಲಿದಳು. ದಿನಕ್ಕೆ ಮೂರು ಸಲ, ಹತ್ತು ಎಣಿಸುತ್ತಾ ಕೈ ಮಡಿಸಿದಳು. ಹತ್ತು ದಿನಕ್ಕೆ ಎರಡನೇ ಗುಂಡಿ ಸಿಕ್ಕಿತು. ಆಮೇಲೆ ಬಸ್ಸು ಕೆಟ್ಟು ನಿಂತಂತೆ ಕೈ ಅಲ್ಲೇ ನಿಂತಿತು. ಒಂದು ವಾರ ಕಳೆದರೂ ಕದಲಲಿಲ್ಲ. “ಇನ್ನು ನನ್ನ ಕೈಲಾಗಲ್ಲ!” ಎಂದು ಪೊರಕೆಯನ್ನು ಹಿತ್ತಲಿಗೆ ಎಸೆದಳು.

ಅಂದು ಪಿಟಿ ಪೀರಿಯಡ್‌ನಲ್ಲಿ ಮರದ ಕೆಳಗೆ ಕೂತಿದ್ದಾಗ ಅತಿಯಾ ಬಂದಳು. ಮುಖ ಬಿಗಿಯಾಗಿತ್ತು.

“ಕುಂಟೆಬಿಲ್ಲೆಗೆ ಒಬ್ರು ಕಮ್ಮಿ. ಬಾ.”

“ನನ್ ಕೈ...”

“ಮುರಿದಿದ್ದು ಕೈ ತಾನೆ? ಕಾಲಿಗೇನಾಗೈತೆ?”

ಮಾನ್ಯ ಎದ್ದಳು. ಬಿಲ್ಲೆ ಎಸೆದು ಮೆಲ್ಲಗೆ ಕುಂಟಿದಳು. ಒಂದು ಮನೆ, ಎರಡು ಮನೆ, ಮೂರನೇ ಮನೆಯಲ್ಲಿ ಗೆರೆ ತುಳಿದಳು. ಏದುಸಿರು ಬರುತ್ತಿತ್ತು, ಬೆನ್ನು ಬೆವೆತಿತ್ತು. ಆದರೆ ಎದೆಯೊಳಗೆ ಗಂಟು ಕಟ್ಟಿದ್ದ ಏನೋ ಸಡಿಲವಾದಂತಿತ್ತು.

“ಅವತ್ತು ನೋಟ್‌ಬುಕ್ ಎಸೆದಿದ್ದಕ್ಕೆ... ಸಾರಿ ಕಣೆ.”

“ಆಯ್ತು ಬಿಡು. ನೀನ್ ಔಟು, ಆಚೆ ಬಾ,” ಎಂದಳು ಅತಿಯಾ. ಇಬ್ಬರಿಗೂ ನಗು ಬಂತು.

ಆ ರಾತ್ರಿ ಮಾನ್ಯ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡಳು. ಚಾಪೆಗೆ ಬೆನ್ನು ತಾಗಿದ್ದಷ್ಟೇ ನೆನಪು, ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಎದ್ದವಳೇ ಹಿತ್ತಲಿಗೆ ಹೋಗಿ ಪೊರಕೆ ತಂದಳು.

ಅಂದಿನಿಂದ ಪಿಟಿ ಪೀರಿಯಡ್‌ನಲ್ಲಿ ಅವಳು ಮರದ ಕೆಳಗೆ ಕೂರಲಿಲ್ಲ. ಮೂರು ವಾರದಲ್ಲಿ ಒಂದನೇ ಗುಂಡಿ ದಾಟಿತು, ಗದ್ದವೂ ಸಿಕ್ಕಿತು. ಮೊದಲ ತುತ್ತನ್ನು ಕುತ್ತಿಗೆ ಬಗ್ಗಿಸಿ ತಾನೇ ಬಾಯಿಗಿಟ್ಟುಕೊಂಡ ದಿನ ಮೂಗಿಗೆಲ್ಲ ಸಾರಾಗಿತ್ತು.

ಒಂದು ಭಾನುವಾರ ಬೆಳಗ್ಗೆ ಮಾನ್ಯ ಅಜ್ಜಿಯ ಹಿಂದೆಯೇ ರೇಷ್ಮೆ ಹುಳದ ಮನೆಗೆ ಹೋದಳು. ಅಜ್ಜಿ ತಟ್ಟೆಗಳ ಮೇಲೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು. ಮಾನ್ಯಳೂ ಕೈ ತೊಳೆದುಕೊಂಡು ಜೊತೆಗೆ ಹರಡತೊಡಗಿದಳು. ಮುಂಗೂದಲು ಜಾರಿ ಕಣ್ಣಿಗೆ ಬಂತು. ಅದನ್ನು ಕಿವಿಯ ಹಿಂದೆ ಸಿಕ್ಕಿಸಿ ಮತ್ತೆ ಸೊಪ್ಪು ಹಾಕಿದಳು.

ಅಜ್ಜಿಯ ಕೈ ನಿಂತಿತು. ಅವಳು ಮಾನ್ಯಳನ್ನೇ ನೋಡುತ್ತಿದ್ದಳು.

“ಏನಜ್ಜಿ?”

“ಏನಿಲ್ಲ ಕಣವ್ವ.”

ಆಗ ಮಾನ್ಯಳಿಗೆ ಹೊಳೆಯಿತು. ಕೂದಲು ಸಿಕ್ಕಿಸಿದ್ದು ಬಲಗೈ! ಹತ್ತು ಎಣಿಸಿರಲಿಲ್ಲ. ಗುಂಡಿಗಳ ನೆನಪೂ ಆಗಿರಲಿಲ್ಲ. ಕೈ ತಾನಾಗಿಯೇ ಹೋಗಿ ಬಂದಿತ್ತು.

ಅಜ್ಜಿ ಕಣ್ಣೊರೆಸಿಕೊಂಡಳು. ಸೊಪ್ಪಿನ ಮಂಕರಿಯನ್ನು ಕಾಲಿನಿಂದ ಮೆಲ್ಲಗೆ ಮಾನ್ಯಳ ಕಡೆಗೆ ತಳ್ಳಿದಳು.

“ನಂಗೆ ಸೊಂಟ ನೋಯ್ತದೆ. ಆ ಸಾಲಿಗೆಲ್ಲ ನೀನೇ ಹಾಕ್ಬುಡು.”

ಕೈ ಮುರಿದ ಮೇಲೆ ಅಜ್ಜಿ ಅವಳಿಗೊಂದು ಕೆಲಸ ಹೇಳಿದ್ದು ಇದೇ ಮೊದಲು. ಮಾನ್ಯ ಮಂಕರಿಯಿಂದ ಬಲಗೈ ತುಂಬ ಸೊಪ್ಪು ತೆಗೆದುಕೊಂಡು ಆ ಸಾಲಿನ ಮೊದಲ ತಟ್ಟೆಯ ಮುಂದೆ ನಿಂತಳು.