ಹದಿನಾರು ಚಿತ್ರಗಳ ಕಣ್ಣು

ಟ್ರಂಕಿನಲ್ಲಿ ಕಥೆಗಳಿದ್ದವು. ಚಿತ್ರಗಳಿರಲಿಲ್ಲ!

ಯಮನೂರಮ್ಮ ತಳದವರೆಗೂ ಕೈಯಾಡಿಸಿದಳು. ಕರಿಬಸಯ್ಯ ಮಾಸ್ತರರ ಧೋತರ, ಶಾಲು, ಅವರು ಮಕ್ಕಳಿಗಾಗಿ ಬರೆದ ಕಥೆಗಳ ಕಟ್ಟು – ಎಲ್ಲ ಇದ್ದವು. ಅವಳು ಎರಡು ವರ್ಷ ಕೂತು ಬರೆದ ಹದಿನಾರು ಚಿತ್ರಗಳು ಮಾತ್ರ ಮಾಯ.

ಯಮನೂರಮ್ಮ ಮಸ್ಕಿಯ ಕುರುಬರ ಓಣಿಯವಳು. ಊರವರ ಗೋಡೆಗಳಿಗೆ ಕೆಮ್ಮಣ್ಣು, ಸುಣ್ಣದಲ್ಲಿ ನವಿಲು, ಆನೆ ಬರೆಯುವವಳು. ನಿಜಾಮನ ಆಳ್ವಿಕೆ ಹೋಗಿ ಐದು ವರ್ಷವಾದರೂ ಊರಿನ ಮಕ್ಕಳ ಕೈಗೆ ಒಂದು ಚಂದದ ಕನ್ನಡ ಕಥೆಪುಸ್ತಕ ಬಂದಿಲ್ಲವೆಂದು ಮಾಸ್ತರರು ಅವಳನ್ನು ಜೊತೆಗೂಡಿಸಿಕೊಂಡಿದ್ದರು. ರಟ್ಟಿನ ಮೇಲೆ ಅವಳ ಹೆಸರೂ ಇರುತ್ತದೆಂದು ಮಾತು ಕೊಟ್ಟಿದ್ದರು. ಅಚ್ಚಿಗೆ ಕೊಡುವ ಮೊದಲೇ, ತಿಂಗಳ ಹಿಂದೆ, ತೀರಿಕೊಂಡರು.

"ಹೋದ್ರ ಹೋಗ್ಲಿ ಬಿಡು," ಎಂದಳು ಮಾಸ್ತರರ ಹೆಂಡತಿ ಕಸ್ತೂರೆಮ್ಮ. "ಚಿತ್ರ ಇಲ್ದ ಪುಸ್ತಕ ಆಗಂಗಿಲ್ಲೇನು?"

"ಆಗ್ತದ್ರಿ ಅವ್ವಾರ. ಆದ್ರ ಅದು ಮಾಸ್ತರ ಪುಸ್ತಕ ಆಗ್ತದ. ಅವ್ರು ಮಾತು ಕೊಟ್ಟಿದ್ದು ಇಬ್ಬರ ಪುಸ್ತಕಕ್ಕ!"

ಯಮನೂರಮ್ಮ ಅತ್ತು ಕೂಡುವ ಪೈಕಿ ಅಲ್ಲ. ಸೀದಾ ಹೋಗಿ ದಾವಲ್‌ಸಾಬನನ್ನು ಕರೆತಂದಳು. ಮೊದಲು ಠಾಣೆಯಲ್ಲಿ ಜಮಾದಾರನಾಗಿದ್ದ ಅವನು ಈಗ ಮನೆಯಲ್ಲಿ ಎಲೆಅಡಿಕೆ ಜಗಿಯುತ್ತ ಕೂತಿದ್ದ. ಆದರೂ ಕಳ್ಳತನ ಎಂದರೆ ಅವನ ಕಿವಿಗಳು ನೆಟ್ಟಗಾಗುತ್ತಿದ್ದವು.

"ಟ್ರಂಕಿಗೆ ಕೀಲಿ ಇತ್ತೇನ್ರಿ?"

"ಇಲ್ಲ," ಎಂದಳು ಕಸ್ತೂರೆಮ್ಮ.

"ಈ ಕೋಣ್ಯಾಗ ಯಾರ್‍ಯಾರು ಬಂದಿದ್ರು?"

"ಅವ್ರ ಶಿವಗಣಾರಾಧನೆ ದಿನ ಇಬ್ರಿಗೆ ಇಲ್ಲೇ ಎಲಿ ಹಾಕಿದ್ದೆ. ಲಿಂಗಸುಗೂರಿನ ಪ್ರೆಸ್ಸಿನ ಅಮರಗುಂಡಪ್ಪ, ಅದ ಊರಿನ ಡ್ರಾಯಿಂಗ್ ಮಾಸ್ತರ್ ಮಾಳಿಂಗಪ್ಪ."

"ಇನ್ನ ಮನಿಯವ್ರು – ನೀವು. ಈಕಿ ಹೆಸರು ಪುಸ್ತಕದಾಗ ಬರೋದು ನಿಮಗ ಮನಸ್ಸಿಲ್ಲ. ಖರೇ ಏನ್ರಿ?"

ಕಸ್ತೂರೆಮ್ಮ ತಲೆ ತಗ್ಗಿಸಲಿಲ್ಲ. "ಖರೇ. ಮನಸ್ಸಿಲ್ಲ. ಕದಿಯೋ ಬುದ್ಧಿನೂ ಇಲ್ಲ!"

ದಾವಲ್‌ಸಾಬ್ ನಕ್ಕ. ಯಮನೂರಮ್ಮನ ಕಡೆ ತಿರುಗಿದ. "ಚಿತ್ರ ಪೂರಾ ಆಗಿದ್ವೇನವ್ವಾ?"

"ಕಣ್ಣು ಉಳಿದಿದ್ವು ರೀ."

"ಯಾಕ?"

"ಗ್ವಾಡಿ ಮ್ಯಾಲ ಏನ ಬರೀಲಿ, ಮನಿಯವ್ರು ಒಳಗ ಬರೋ ದಿನಾನ ಕಣ್ಣು ಬಿಡಸ್ತೀವಿ. ಮೊದ್ಲ ಬಿಡಸಿದ್ರ ಖಾಲಿ ಮನಿ ನೋಡ್ತಾವ. ಇವಕ್ಕ ಅಚ್ಚಿಗೆ ಹೋಗೋ ದಿನ ಬಿಡಸ್ಬೇಕಂತಿದ್ದೆ."

ದಾವಲ್‌ಸಾಬನಿಗೆ ಓದಲು ಬರುತ್ತಿದ್ದುದು ಉರ್ದು ಮಾತ್ರ. ಕಥೆಗಳನ್ನು ಕಸ್ತೂರೆಮ್ಮನಿಂದಲೇ ಓದಿಸಿದ. ಗಂಡ ಬರೆದದ್ದನ್ನು ಅವಳು ಓದಿದ್ದು ಅದೇ ಮೊದಲು. ಓದುತ್ತ ಓದುತ್ತ ಅವಳ ದನಿ ಮೆತ್ತಗಾಯಿತು. ವಾಸನೆ ಹಿಡಿದು ಹಿಂಡನ್ನೆಲ್ಲ ನೀರಿಗೆ ನಡೆಸಿದ ಗಂಗಿ ಎಂಬ ಮುದಿ ಕುರಿಯ ಕಥೆ ಬಂದಾಗ ದಾವಲ್‌ಸಾಬ್ ಜಗಿಯುವುದನ್ನು ನಿಲ್ಲಿಸಿದ.

"ಇದನ್ನ ಇನ್ನೊಮ್ಮೆ ಓದ್ರಿ ಅವ್ವಾರ. ನಾಳೆ ಮೂವರೂ ಲಿಂಗಸುಗೂರಿಗೆ ಹೋಗೋಣು. ಈ ಕಟ್ಟು ಜೊತಿಗಿರ್ಲಿ."

ಪ್ರೆಸ್ಸಿನ ಮೇಜಿನ ಮೇಲೆ ಹದಿನಾರು ಚಿತ್ರಗಳೂ ಇದ್ದವು! ಒಂದೊಂದರ ಮೂಲೆಯಲ್ಲೂ ಮಾಳಿಂಗಪ್ಪನ ರುಜು. ಯಮನೂರಮ್ಮನ ಮೈಯೆಲ್ಲ ಉರಿಯಿತು.

"ನನ್ನವು ಇವು!"

ಪಕ್ಕದಲ್ಲೇ ಕೂತಿದ್ದ ಮಾಳಿಂಗಪ್ಪ ನಕ್ಕ. "ಸುಣ್ಣ ಬಳಿಯೋರೆಲ್ಲ ಚಿತ್ರಗಾರ್ರಾದ್ರ ನಾವು ಕಲ್ತಿದ್ದು ಯಾತಕ್ಕ?"

ಅಮರಗುಂಡಪ್ಪ ಗಲಿಬಿಲಿಗೊಂಡ. "ಈ ಡ್ರಾಯಿಂಗ್ ಮಾಸ್ತರ್ ಮೊನ್ನೆ ತಂದುಕೊಟ್ಟಾರ. ಕಥಿ ಆಮ್ಯಾಲ ತರ್ತೀನಿ ಅಂದ್ರು. ನಾ ಇನ್ನೂ ಒಂದೂ ಓದಿಲ್ರಿ."

ದಾವಲ್‌ಸಾಬ್ ಬೆಣ್ಣೆಯಂತೆ ಮಾತಾಡಿದ. "ಮಾಸ್ತರ್, ಇವು ಪೂರಾ ನಿಮ್ಮ ಕೈಯವೇನ್ರಿ?"

"ಪೂರಾ."

"ಕಣ್ಣು?"

"ಕಣ್ಣು, ಕಿವಿ, ಬಾಲ – ಎಲ್ಲ!"

"ಕಥಿ ಕೇಳಿ ಬರದ್ರೋ, ಕೇಳಲಾರ್ದೋ?"

"ಕರಿಬಸಯ್ಯನವ್ರು ಎಲ್ಲಾ ಓದಿ ಹೇಳ್ಯಾರ. ಅವ್ರು ಹೇಳಿದಂಗ ಬರದೀನಿ."

"ಈ ಕುರಿ ಕಥಿ?"

"ಅದನ್ನಂತೂ ಎರಡು ಸಲ!"

"ಓದ್ರಿ ಅವ್ವಾರ."

ಕಸ್ತೂರೆಮ್ಮ ಕಟ್ಟು ಬಿಚ್ಚಿದಳು. "'ಗಂಗಿ ಹುಟ್ಟುಕುರುಡಿ. ಕಣ್ಣಿದ್ದ ಕುರಿಗಳೆಲ್ಲ ದಿಕ್ಕು ತೋಚದೆ ನಿಂತಾಗ, ಕಣ್ಣಿಲ್ಲದ ಗಂಗಿ ಮೂಗೆತ್ತಿ ಮುಂದೆ ನಡೆಯಿತು...'"

ಎಲ್ಲರೂ ಮೇಜಿನ ಮೇಲಿನ ಚಿತ್ರ ನೋಡಿದರು. ಗಂಗಿಗೆ ಎರಡು ದುಂಡನೆಯ ಕಣ್ಣುಗಳಿದ್ದವು!

"ನೋಡ್ರಿ," ಎಂದ ದಾವಲ್‌ಸಾಬ್. "ಕಳ್ಳ ಚಿತ್ರ ಒಯ್ದ, ಕಥಿ ಬಿಟ್ಟುಹೋದ. ಮನಿಗೆ ಹೋಗಿ ನೋಡ್ತಾನ – ಒಂದಕ್ಕೂ ಕಣ್ಣಿಲ್ಲ! ಓದು ಬಾರದಾಕಿ ಮರ್ತಾಳಂತ ತಿಳಕೊಂಡು ಹದಿನಾರಕ್ಕೂ ತಾನ ಇಟ್ಟ. ಹದಿನೈದಕ್ಕ ಕಣ್ಣು ಬರೋದಿತ್ತು. ಇದೊಂದಕ್ಕ ಎಂದೂ ಬರಬಾರದಿತ್ತು. ಕಥಿ ಕೇಳಿದವ ಈ ತಪ್ಪು ಮಾಡಂಗಿಲ್ಲ. ಕಳ್ಳ ನೀವ, ಮಾಳಿಂಗಪ್ಪ ಮಾಸ್ತರ್!"

ಅಮರಗುಂಡಪ್ಪ ಚಿತ್ರವನ್ನು ಬೆಳಕಿಗೆ ಹಿಡಿದ. ಗೆರೆಗಳೆಲ್ಲ ದೀಪದ ಕಾಡಿಗೆಯವು. ಕಣ್ಣುಗಳು ಮಾತ್ರ ನೀಲಿ ಶಾಯಿಯವು.

ಮಾಳಿಂಗಪ್ಪನ ಮುಖ ಸುಣ್ಣವಾಯಿತು. "ಕಸೂರಾತು, ತಪ್ಪಾತು... ತಗೊಂಡು ಹೋಗ್ರಿ. ಅಚ್ಚು ಹಾಕಸ್ರಿ. ಇನ್ನೇನು?"

ಯಮನೂರಮ್ಮ ಚಿತ್ರಗಳನ್ನು ಒಟ್ಟು ಮಾಡಿಕೊಂಡಳು. ಗಂಗಿಯದೊಂದನ್ನು ದಾವಲ್‌ಸಾಬನ ಕೈಗಿತ್ತಳು. "ಇದು ಠಾಣೇಕ್ಕ ಸಾಕ್ಷಿಗಿರ್ಲಿ." ಉಳಿದ ಹದಿನೈದನ್ನೂ ಅಲ್ಲೇ, ಎಲ್ಲರ ಕಣ್ಣೆದುರಿಗೆ, ಪರಪರ ಹರಿದುಹಾಕಿದಳು.

"ಅಯ್ಯೋ! ಎರಡು ವರ್ಷದ ಕೆಲಸ!" ಅಮರಗುಂಡಪ್ಪ ಕೂಗಿಕೊಂಡ.

"ಇವನ ಕಣ್ಣಿಲೆ ನನ್ನ ನವಿಲು ಮಕ್ಕಳನ್ನ ನೋಡೂದು ಬ್ಯಾಡ. ಮತ್ತ ಬರೀತೀನಿ. ಚಿತ್ರ ಕದ್ದಾನ, ನನ್ನ ಕೈ ಕದ್ದಿಲ್ಲ!"

ಅವಳಿಗೆ ಸಂಕಟವಿತ್ತು, ಸುಳ್ಳೇಕೆ? ಆದರೆ ಚೂರುಗಳತ್ತ ತಿರುಗಿ ನೋಡಲಿಲ್ಲ.

ಕಸ್ತೂರೆಮ್ಮ ಕಥೆಗಳ ಕಟ್ಟನ್ನು ಎದೆಗೊತ್ತಿಕೊಂಡಳು. "ಅಮರಗುಂಡಪ್ಪಾ, ಈಕಿ ಬರದು ಮುಗಿಸೋತನಕ ಕಥಿ ನನ್ನ ಹತ್ರ ಇರ್ತಾವ. ರಟ್ಟಿನ ಮ್ಯಾಲ ಎರಡು ಹೆಸರು. ಎರಡಕ್ಕೂ ಒಂದ ಅಳತಿ ಅಕ್ಷರ. ಆಗ್ತದೋ, ಬ್ಯಾರೆ ಪ್ರೆಸ್ ನೋಡ್ಲೋ?"

"ಆಗ್ತದ್ರೀ..." ಅಮರಗುಂಡಪ್ಪ ಪೆನ್ಸಿಲ್ಲು ತೆಗೆದ. "ನಿನ್ನ ಹೆಸರು ಹೇಳವ್ವಾ."

ಮಾಳಿಂಗಪ್ಪ ಮೆಲ್ಲಗೆ ಬಾಗಿಲು ದಾಟುತ್ತಿದ್ದ. ಅವನಿಗೂ ಕೇಳಲೆಂದು ಅವಳು ಗಟ್ಟಿಯಾಗಿ ಹೇಳಿದಳು.

"ಯಮನೂರಮ್ಮ. ಬರಕೋರಿ!"